ಮೈಯೆಲ್ಲ ರಾಮನಾಮ: ಛತ್ತೀಸಗಢದ ರಾಮನಾಮಿಗಳ ಹಚ್ಚೆ

ಕಲಿಯುಗದಲ್ಲಿ ನಾಮಸ್ಮರಣೆಯೇ ಸುಲಭವಾದ ಸಾಧನವೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಭಗವಂತನ ನಾಮವನ್ನು ನಾಲಗೆಯಿಂದ ನುಡಿಯುವವರು ಅನೇಕರು. ಪುಸ್ತಕಗಳಲ್ಲಿ ಬರೆದು ಲಕ್ಷ, ಕೋಟಿ ಸಂಖ್ಯೆಯನ್ನು ಪೂರೈಸುವವರೂ ಉಂಟು. ಆದರೆ ಆ ನಾಮವನ್ನು ತಮ್ಮ ಚರ್ಮದ ಮೇಲೆಯೇ, ಎಂದಿಗೂ ಅಳಿಯದಂತೆ, ಅಡಿಯಿಂದ ಮುಡಿಯವರೆಗೆ ಬರೆಸಿಕೊಂಡ ಸಮಾಜವೊಂದು ನಮ್ಮ ದೇಶದಲ್ಲಿದೆ. ಅವರೇ ಛತ್ತೀಸಗಢದ ರಾಮನಾಮಿಗಳು.

ಮುಂಬಯಿಯಿಂದ ನಾಗಪುರದ ಮೂಲಕ ಹೌರಾಕ್ಕೆ ಹೋಗುವ ರೈಲುಮಾರ್ಗದಲ್ಲಿ ರಾಯಪುರ, ಬಿಲಾಸಪುರಗಳನ್ನು ದಾಟಿದರೆ ಜಾಂಜಗೀರ್-ನೈಲಾ, ಚಾಂಪಾ, ಸಕ್ತಿ ನಿಲ್ದಾಣಗಳು ಬರುತ್ತವೆ. ಈ ಮಾರ್ಗದ ದಕ್ಷಿಣಕ್ಕೆ ಮಹಾನದಿಯ ಎರಡೂ ದಡಗಳಲ್ಲಿ ಹರಡಿರುವ ಭತ್ತದ ಬಯಲಿನ ಹಳ್ಳಿಗಳೇ ರಾಮನಾಮಿಗಳ ನೆಲೆ. 2000ನೆಯ ಇಸವಿಯ ನವೆಂಬರ್ 1ರಂದು ಛತ್ತೀಸಗಢವು ಪ್ರತ್ಯೇಕ ರಾಜ್ಯವಾಗುವವರೆಗೆ ಈ ಪ್ರದೇಶವು ಮಧ್ಯಪ್ರದೇಶದಲ್ಲಿತ್ತು. ಬ್ರಿಟಿಷರ ಕಾಲದಲ್ಲಿ ಸೆಂಟ್ರಲ್ ಪ್ರಾವಿನ್ಸಸ್ ಆಡಳಿತಕ್ಕೆ ಸೇರಿತ್ತು.

ರಾಮನಾಮಿಗಳ ಹಿನ್ನೆಲೆಯನ್ನು ಅರಿಯಬೇಕಾದರೆ ಇನ್ನೂ ಸ್ವಲ್ಪ ಹಿಂದಕ್ಕೆ ಹೋಗಬೇಕು. ಅಲ್ಲಿನ ಚರ್ಮಕಾರ ಸಮುದಾಯದವರನ್ನು ಉಳಿದವರು ಅಸ್ಪೃಶ್ಯರೆಂದು ದೂರವಿರಿಸಿದ್ದರು. ದೇವಾಲಯದ ಬಾಗಿಲು, ಊರಿನ ಬಾವಿ ಎರಡೂ ಅವರಿಗೆ ನಿಷಿದ್ಧವಾಗಿದ್ದವು. 1756ರಲ್ಲಿ ಗಿರೌದಪುರಿಯಲ್ಲಿ ಜನಿಸಿದ ಗುರು ಘಾಸೀದಾಸರು ಈ ಜನರ ನಡುವೆ ಸತ್ನಾಮ ಪಂಥವನ್ನು ಬೆಳೆಸಿದರು. ವಿಗ್ರಹಾರಾಧನೆಯನ್ನು ಬಿಟ್ಟು ಸತ್ಯನಾಮವನ್ನು ಜಪಿಸಿರಿ, ಮದ್ಯಮಾಂಸಗಳನ್ನು ತ್ಯಜಿಸಿರಿ ಎಂಬುದು ಅವರ ಬೋಧನೆ. ಸಾವಿರಾರು ಜನರು ಅವರನ್ನು ಅನುಸರಿಸಿದರು.

ಇದೇ ಸಮುದಾಯದಿಂದ 1890ರ ದಶಕದಲ್ಲಿ ರಾಮನಾಮಿ ಸಮಾಜವು ಉದಯಿಸಿತು. ಆಗಿನ ಬಿಲಾಸಪುರ ಜಿಲ್ಲೆಯ ಚಾರಪಾರಾ ಗ್ರಾಮದ ಪರಶುರಾಮ ಎಂಬ ಭಕ್ತನೇ ಇದರ ಮೂಲಪುರುಷ. ಆತನಿಗೆ ಕುಷ್ಠದಂತಹ ರೋಗ ತಗುಲಿತ್ತೆಂದೂ, ಸಾಧುವೊಬ್ಬರ ಉಪದೇಶದಂತೆ ರಾಮನಾಮವನ್ನು ಜಪಿಸಲು ರೋಗವು ಮಾಯವಾಗಿ ಎದೆಯ ಮೇಲೆ ‘ರಾಮ ರಾಮ’ ಎಂಬ ಅಕ್ಷರಗಳು ಮೂಡಿದವೆಂದೂ ಸಮಾಜದ ಐತಿಹ್ಯ. ದೈವಕೃಪೆಯಿಂದ ಗುರುವಿನ ಎದೆಯಲ್ಲಿ ಮೂಡಿದುದನ್ನು ಅನುಯಾಯಿಗಳು ಸೂಜಿಯಿಂದ ತಮ್ಮ ಮೈಮೇಲೆ ಮೂಡಿಸಿಕೊಂಡರು.

ಮಧ್ಯ ಭಾರತದಲ್ಲಿ ಹಚ್ಚೆ ಹೊಸದಲ್ಲ. ಅಲ್ಲಿ ಅದಕ್ಕೆ ‘ಗೋದನಾ’ ಎಂದು ಹೆಸರು. ದೇವಾರ ಜನಾಂಗದ ಸ್ತ್ರೀಯರು ಹಳ್ಳಿಯಿಂದ ಹಳ್ಳಿಗೆ ಸಂಚರಿಸಿ ಹೆಣ್ಣುಮಕ್ಕಳ ಕೈಕಾಲುಗಳಿಗೆ ನವಿಲು, ಚೇಳು, ಹೂಬಳ್ಳಿಗಳನ್ನು ಹಾಕುತ್ತಿದ್ದರು. ಸತ್ತ ಬಳಿಕ ಬೆಳ್ಳಿಬಂಗಾರವೆಲ್ಲ ಇಲ್ಲಿಯೇ ಉಳಿಯುತ್ತದೆ, ಜೀವದೊಂದಿಗೆ ಹೋಗುವ ಆಭರಣವೆಂದರೆ ಹಚ್ಚೆಯೊಂದೇ ಎಂಬುದು ಆ ಸೀಮೆಯ ನಂಬಿಕೆ. ಕನ್ನಡ ನಾಡಿನಲ್ಲಿಯೂ ಕೊರವಂಜಿಯರಿಂದ ಹಚ್ಚೆ ಹಾಕಿಸಿಕೊಂಡ ಅಜ್ಜಿಯರನ್ನು ಹಳೆಯ ತಲೆಮಾರಿನವರು ಕಂಡಿದ್ದಾರೆ.

ರಾಮನಾಮಿಗಳ ಹಚ್ಚೆಯಲ್ಲಿ ಮಾತ್ರ ನವಿಲಿಲ್ಲ, ಬಳ್ಳಿಯಿಲ್ಲ, ದೇವರ ಚಿತ್ರವೂ ಇಲ್ಲ. ನಾಗರೀ ಲಿಪಿಯ ಎರಡೇ ಅಕ್ಷರಗಳು ಸಾಲುಸಾಲಾಗಿ ಬರುತ್ತವೆ. ಸೀಮೆಎಣ್ಣೆ ದೀಪದ ಮಸಿಯನ್ನು ನೀರಿನಲ್ಲಿ ಕಲಸಿ, ಸೂಜಿಗಳನ್ನು ಕೂಡಿಸಿ ಕಟ್ಟಿ ಚುಚ್ಚುವುದು ಹಳೆಯ ಕ್ರಮ. ನೋವು, ಬಾವು ತಪ್ಪಿದ್ದಲ್ಲ. ಆದುದರಿಂದ ಇಡೀ ಶರೀರಕ್ಕೆ ಹಾಕಿಸಿಕೊಳ್ಳುವವರು ಹಂತಹಂತವಾಗಿ ಹಾಕಿಸಿಕೊಳ್ಳುತ್ತಿದ್ದರು. ಹಣೆಯ ಮೇಲೆ ಮಾತ್ರ ಧರಿಸಿದವರಿಗೆ ‘ಶಿರೋಮಣಿ’ ಎಂದೂ, ನಖಶಿಖಾಂತ ಧರಿಸಿದವರಿಗೆ ‘ನಖಶಿಖ’ ಎಂದೂ ಹೆಸರು. ಸ್ತ್ರೀಯರು, ಪುರುಷರು ಎಂಬ ಭೇದ ಇದರಲ್ಲಿಲ್ಲ.

ಧರಿಸುವ ಹೊದಿಕೆಯೂ ರಾಮನಾಮ ಬರೆದ ಬಿಳಿಯ ಬಟ್ಟೆಯೇ. ತಲೆಗೆ ನವಿಲುಗರಿಯ ಮುಕುಟ, ಭಜನೆಗೆ ಗೆಜ್ಜೆಯ ತಾಳ. ತುಳಸೀದಾಸರ ರಾಮಚರಿತಮಾನಸದ ಪದ್ಯಗಳನ್ನು ಆರಿಸಿಕೊಂಡು, ನಡುನಡುವೆ ರಾಮನಾಮವನ್ನು ಸೇರಿಸಿ ಹಾಡುತ್ತಾರೆ. ಪ್ರತಿವರ್ಷ ಪೌಷ ಶುಕ್ಲ ಏಕಾದಶಿಯಿಂದ ತ್ರಯೋದಶಿಯವರೆಗೆ ಮೂರು ದಿನಗಳ ದೊಡ್ಡ ಭಜನಮೇಳ ಜರಗುತ್ತದೆ. ಒಂದು ವರ್ಷ ಮಹಾನದಿಯ ಈ ದಡದಲ್ಲಾದರೆ ಮರುವರ್ಷ ಆ ದಡದಲ್ಲಿ. ರಾಮನಾಮ ಬರೆದ ಬಿಳಿಯ ಸ್ತಂಭವೇ ಮೇಳದ ಕೇಂದ್ರ. ಅಮೆರಿಕದ ವಿದ್ವಾಂಸ ರಾಮದಾಸ್ ಲ್ಯಾಂಬ್ ಅವರು ಈ ಸಮಾಜದ ನಡುವೆ ಇದ್ದು ಅಧ್ಯಯನ ನಡೆಸಿ 2002ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದ್ದಾರೆ.

ಈ ಹಚ್ಚೆಯ ಅರ್ಥವೇನು? ಗುಡಿಯೊಳಗೆ ಬರಬಾರದೆಂದು ತಡೆದವರು ನಾಮವನ್ನು ತಡೆಯಲಾರದೆ ಹೋದರು. ದೇವರ ಬಳಿಗೆ ಹೋಗುವ ದಾರಿ ಮುಚ್ಚಿದಾಗ ಈ ಜನರು ದೇವರ ಹೆಸರನ್ನೇ ಮೈಮೇಲೆ ತಂದುಕೊಂಡು ಶರೀರವನ್ನು ಗುಡಿಯಾಗಿ ಮಾಡಿಕೊಂಡರು. ಹಾಗೆ ಮಾಡಿದ ಮೇಲೆ ಆ ಗುಡಿಯ ಶುಚಿಯನ್ನು ಕಾಯುವ ಹೊಣೆಯೂ ಬಂದಿತು. ಮದ್ಯ, ಮಾಂಸ, ತಂಬಾಕು ವರ್ಜ್ಯವಾದವು. ನಿತ್ಯ ನಾಮಜಪವು ಕಡ್ಡಾಯವಾಯಿತು. ಹಚ್ಚೆಯು ಅಲಂಕಾರವಾಗದೆ ವ್ರತವಾಯಿತು.

ಮಾಧ್ವರಿಗೆ ಈ ಭಾವವು ಅಪರಿಚಿತವೇನಲ್ಲ. ಆಷಾಢ ಶುದ್ಧ ಪ್ರಥಮ ಏಕಾದಶಿಯಂದು ಸುದರ್ಶನ ಹೋಮದ ಅಗ್ನಿಯಲ್ಲಿ ಕಾಯಿಸಿದ ಚಕ್ರ, ಶಂಖಗಳ ಮುದ್ರೆಯನ್ನು ಯತಿಗಳಿಂದ ಭುಜಗಳ ಮೇಲೆ ಧರಿಸುವುದು, ನಿತ್ಯವೂ ಗೋಪೀಚಂದನದ ಮುದ್ರೆಗಳನ್ನು ಹಚ್ಚಿಕೊಳ್ಳುವುದು, ಈ ದೇಹವು ಶ್ರೀಹರಿಯ ಸೊತ್ತು ಎಂಬುದರ ಗುರುತೇ ಆಗಿದೆ. ಸಿದ್ಧಾಂತದಲ್ಲಿ ಅಂತರವು ದೊಡ್ಡದು. ರಾಮನಾಮಿಗಳ ರಾಮನು ನಿರ್ಗುಣನು. ಶ್ರೀಮದಾಚಾರ್ಯರು ಬೋಧಿಸಿದ ನಾರಾಯಣನು ಅನಂತ ಕಲ್ಯಾಣಗುಣ ಪರಿಪೂರ್ಣನು. ಆಚರಣೆಯಲ್ಲಿಯೂ ಒಂದು ವ್ಯತ್ಯಾಸವಿದೆ. ತಪ್ತಮುದ್ರೆಯು ದಿನ ಕಳೆದಂತೆ ಮಾಸುತ್ತದೆ, ವರ್ಷಕ್ಕೊಮ್ಮೆ ಮತ್ತೆ ಗುರುಗಳ ಮುಂದೆ ನಿಲ್ಲಬೇಕು. ರಾಮನಾಮಿಯ ಮುದ್ರೆಯು ಮಾಸುವುದೇ ಇಲ್ಲ. ಒಮ್ಮೆ ಕೊಟ್ಟ ಮಾತು ಆಯುಷ್ಯವಿರುವವರೆಗೆ ಎಲ್ಲರ ಕಣ್ಣಿಗೂ ಬೀಳುತ್ತಿರುತ್ತದೆ.

ಹೊರಗೆ ನಿಂತ ಭಕ್ತನ ಕಥೆಯೂ ನಮಗೆ ಹೊಸದಲ್ಲ. ಉಡುಪಿಯಲ್ಲಿ ಕನಕದಾಸರಿಗೆ ಶ್ರೀಕೃಷ್ಣನು ತಿರುಗಿ ದರ್ಶನವಿತ್ತನೆಂಬ ಐತಿಹ್ಯವನ್ನು ಪ್ರತಿಯೊಂದು ಮನೆಯಲ್ಲೂ ಮಕ್ಕಳಿಗೆ ಹೇಳುತ್ತೇವೆ. ಯಾತ್ರಿಕರು ಇಂದಿಗೂ ಆ ಕಿಂಡಿಯ ಮುಂದೆ ಕೈಮುಗಿಯುತ್ತಾರೆ. ಭಗವಂತನು ಭಕ್ತಿಗೆ ಒಲಿದನೆಂದು ಹಿಗ್ಗುವ ನಾವು, ಭಕ್ತನನ್ನು ಹೊರಗೆ ನಿಲ್ಲಿಸಿದವರು ಮನುಷ್ಯರೇ ಎಂಬುದನ್ನು ಮರೆಯುತ್ತೇವೆ. ರಾಮನಾಮಿಯ ಹಣೆಯ ಅಕ್ಷರಗಳು ಆ ಮರೆವನ್ನು ಬಿಡಿಸುತ್ತವೆ.

ಇಂದು ನಖಶಿಖಾಂತ ಹಚ್ಚೆಯುಳ್ಳವರು ಕೆಲವೇ ವೃದ್ಧರು. ಕೆಲಸವನ್ನರಸಿ ದೂರದ ನಗರಗಳಿಗೆ ಹೋಗುವ ತರುಣರು ಜನರ ನಗೆಗೆ ಅಂಜಿ ಮುಖಕ್ಕೆ ಹಾಕಿಸಿಕೊಳ್ಳುತ್ತಿಲ್ಲ. ಕೈಯ ಮೇಲೆ ಎರಡಕ್ಷರ, ಇಲ್ಲವೆ ಹೊದಿಕೆಯ ಬಟ್ಟೆ ಮಾತ್ರ ಅವರಿಗೆ ಸಾಕಾಗಿದೆ. ಇನ್ನೊಂದೆಡೆ ನಗರಗಳ ಅಂಗಡಿಗಳಲ್ಲಿ ಓಂಕಾರ, ತ್ರಿಶೂಲಗಳ ಹಚ್ಚೆಯು ಶೋಕಿಯಾಗಿ ಹಬ್ಬುತ್ತಿದೆ. ಅಲ್ಲಿ ಗುರುತು ಇದೆ, ವ್ರತವಿಲ್ಲ. ಮಹಾನದಿಯ ದಡದ ತರುಣರಲ್ಲಿ ಗುರುತು ಕಿರಿದಾದರೂ ಭಜನೆ ನಿಂತಿಲ್ಲ. ಮುಂಜಾನೆ ಗೋಪೀಚಂದನವನ್ನು ಹಚ್ಚಿಕೊಂಡು, ಕಛೇರಿಗೆ ಹೊರಡುವ ಮುನ್ನ ಅದನ್ನು ಒರೆಸಿಕೊಳ್ಳುವ ಪ್ರವಾಸಿ ಕನ್ನಡಿಗರ ಮಕ್ಕಳಿಗೂ ಈ ವೃದ್ಧರ ಮುಖವು ಒಂದು ಪಾಠವಾಗಬಲ್ಲದು. ಗುರುತನ್ನು ಎಷ್ಟು ಧರಿಸಬೇಕೆಂಬುದು ಅವರವರ ಅನುಕೂಲ. ಧರಿಸಿದ ಗುರುತಿಗೆ ತಕ್ಕಂತೆ ನಡೆಯುವುದು ಎಲ್ಲರ ಕರ್ತವ್ಯ.

॥ ಶ್ರೀಕೃಷ್ಣಾರ್ಪಣಮಸ್ತು ॥