ಕಾಲಡಿಯ ಗುಂಡಿ: ಅಂಬಾಸಿಡರ್ ಕಾರಿನ ಡಿಪ್ ಸ್ವಿಚ್

ಎದುರಿನಿಂದ ವಾಹನ ಬಂದಾಗ ಹಳೆಯ ಅಂಬಾಸಿಡರ್ ಚಾಲಕ ಹೆಡ್‌ಲೈಟ್ ತಗ್ಗಿಸಲು ಕೈ ಎತ್ತುತ್ತಿರಲಿಲ್ಲ. ಕ್ಲಚ್‌ನ ಎಡಕ್ಕೆ, ನೆಲದಲ್ಲಿದ್ದ ಗುಂಡಿಯನ್ನು ಕಾಲಿನಿಂದ ಅದುಮುತ್ತಿದ್ದ. ಒಂದು ಸಲ ‘ಟಕ್’ ಎಂದರೆ ಡಿಪ್, ಇನ್ನೊಂದು ಸಲಕ್ಕೆ ಬ್ರೈಟ್.

ಬ್ರಿಟನ್ನಿನ ಮೋರಿಸ್ ಆಕ್ಸ್‌ಫರ್ಡ್ ಕಾರನ್ನು ಆಧರಿಸಿ ಹಿಂದೂಸ್ತಾನ್ ಮೋಟಾರ್ಸ್ ಕಟ್ಟಿದ ಅಂಬಾಸಿಡರ್ 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾಯಿತು. ಕಾಲಿನ ಈ ಸ್ವಿಚ್ ಬಂದದ್ದೂ ಆ ಬ್ರಿಟಿಷ್ ಮೂಲದಿಂದಲೇ.

ಇದರ ಒಳಗುಟ್ಟು ಸರಳ. ಒಂದು ತಂತಿ ಕರೆಂಟ್ ತರುತ್ತದೆ, ಇನ್ನೆರಡು ಅದನ್ನು ಡಿಪ್‌ಗೋ ಬ್ರೈಟ್‌ಗೋ ಒಯ್ಯುತ್ತವೆ. ನೆಲದಲ್ಲೇ ಇರುವುದರಿಂದ ಚಪ್ಪಲಿಯ ಕೆಸರು, ಆಳಂದ–ಜೇವರ್ಗಿ ಸೀಮೆಯ ಎರೆಮಣ್ಣಿನ ಧೂಳು ಒಳಸೇರುವುದು ಸುಲಭ. ಲೋಹದ ಕಾಂಟ್ಯಾಕ್ಟ್‌ಗಳು ಕಪ್ಪಾದರೆ ರೋಧ ಹೆಚ್ಚಿ, ಸ್ವಿಚ್ ಬಿಸಿಯಾಗಿ ದೀಪ ಮಂಕಾಗುತ್ತದೆ.

ಹಾಗೆಂದು ಎಸೆಯಬೇಕಿಲ್ಲ. ಬ್ಯಾಟರಿ ಸಂಪರ್ಕ ತೆಗೆದು ಕಾಂಟ್ಯಾಕ್ಟ್ ಶುಚಿಮಾಡಿದ ಮೇಲೆ ಮೀಟರಿನಲ್ಲಿ ರೋಧ ಸೊನ್ನೆಯ ಹತ್ತಿರ ಬಂದರೆ ಅದು ಮತ್ತೆ ದುಡಿಯಬಲ್ಲದು. 55 ವ್ಯಾಟಿನ ಎರಡು ಬಲ್ಬುಗಳು 12 ವೋಲ್ಟಿನಲ್ಲಿ ಸುಮಾರು 9 ಆಂಪಿಯರ್ ಎಳೆಯುತ್ತವೆ. ಸ್ವಿಚ್ಚಿಗೂ ದೀಪಗಳಿಗೂ ನಡುವೆ ರಿಲೇ ಕೂರಿಸಿದರೆ ಆ ಭಾರವನ್ನು ರಿಲೇ ಹೊರುತ್ತದೆ. ಆಗ ಹಳೆಯ ಸ್ವಿಚ್ಚಿನಲ್ಲಿ ಹರಿಯುವುದು ಒಂದು ಆಂಪಿಯರಿಗೂ ಕಡಿಮೆ.

ಕಾಲಾನಂತರ ಈ ಕೆಲಸ ಸ್ಟಿಯರಿಂಗ್ ಪಕ್ಕದ ಕಡ್ಡಿಗೆ ವರ್ಗವಾಯಿತು. ಧರ್ಮಸ್ಥಳದ ಕಾರು ಸಂಗ್ರಹಾಲಯದಲ್ಲಿ ಹಳೆಯ ಕಾಲದ ಕಾರುಗಳನ್ನು ಹತ್ತಿರದಿಂದ ನೋಡಬಹುದು.