ಉರಿಗೌಡ, ನಂಜೇಗೌಡ ಮತ್ತು ನಮ್ಮ ಮಕ್ಕಳ ಇತಿಹಾಸ ಪಾಠ

2023ರ ಮಾರ್ಚ್ ತಿಂಗಳಲ್ಲಿ ನಾವು ಹಳ್ಳಿಮೈಸೂರಿನ ಬಂಧುಗಳ ಮನೆಯಲ್ಲಿದ್ದೆವು. ಊಟ ಮುಗಿದ ಮೇಲೆ ಎಸೆಸೆಲ್ಸಿ ಪರೀಕ್ಷೆಗೆ ಓದುತ್ತಿದ್ದ ಆ ಮನೆಯ ಹುಡುಗ ಮೊಬೈಲ್ ತಂದು ನಮ್ಮ ಮುಂದೆ ಹಿಡಿದ. ಪೇಟ ಧರಿಸಿ, ಕತ್ತಿ ಹಿಡಿದು ನಿಂತ ಇಬ್ಬರು ವೀರರ ಚಿತ್ರ. ಟಿಪ್ಪು ಸುಲ್ತಾನನನ್ನು ಕೊಂದವರು ಇವರೇ ಎಂಬ ಬರಹ ಅದರ ಕೆಳಗಿತ್ತು. ಇದು ನಿಜವೇ ಎಂದು ಅವನು ಕೇಳಿದ. ಟಿಪ್ಪು ಮಡಿದದ್ದು ಯಾವಾಗ ಎಂದು ನಾವು ತಿರುಗಿ ಕೇಳಿದೆವು. 1799ರ ಮೇ 4 ಎಂದು ತಡವರಿಸದೆ ಹೇಳಿದ. ಆ ದಿನ ಏನು ನಡೆಯಿತೆಂಬುದು ನಮಗೆ ತಿಳಿದದ್ದು ಹೇಗೆ, ನೋಡಿದವರು ಯಾರು, ಬರೆದಿಟ್ಟವರು ಯಾರು ಎಂದು ಕೇಳಿದಾಗ ಸುಮ್ಮನಾದ. ಚಾಪೆಯ ಮೇಲೆ ಕುಳಿತಿದ್ದ ಹಿರಿಯರೂ ಸುಮ್ಮನಾದರು.

ಆ ಚಿತ್ರದ ಹಿನ್ನೆಲೆ ಓದುಗರಿಗೆ ನೆನಪಿರಬಹುದು. 2022ರ ನವೆಂಬರಿನಲ್ಲಿ ಮೈಸೂರಿನ ರಂಗಾಯಣದಲ್ಲಿ ಅಡ್ಡಂಡ ಕಾರ್ಯಪ್ಪನವರ ನಾಟಕವೊಂದು ಉರಿಗೌಡ, ನಂಜೇಗೌಡ ಎಂಬ ಇಬ್ಬರು ಒಕ್ಕಲಿಗ ವೀರರನ್ನು ಟಿಪ್ಪುವಿನ ಹಂತಕರೆಂದು ರಂಗದ ಮೇಲೆ ತಂದಿತು. 2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ಹೆದ್ದಾರಿಯ ಉದ್ಘಾಟನೆಗೆ ಪ್ರಧಾನಿ ಮಂಡ್ಯಕ್ಕೆ ಬಂದಾಗ ಅದೇ ಹೆಸರುಗಳ ಸ್ವಾಗತ ಕಮಾನು ನಿಂತಿತು. ಆಕ್ಷೇಪ ಬಂದ ಮೇಲೆ ಹೆಸರು ಬದಲಾಯಿತು. ಆಗಿನ ಸಚಿವರೂ ಚಿತ್ರನಿರ್ಮಾಪಕರೂ ಆದ ಮುನಿರತ್ನ ಅದೇ ಹೆಸರಿನಲ್ಲಿ ಸಿನಿಮಾ ಮಾಡಲು ಹೊರಟರು. ಕೊನೆಗೆ ಆದಿಚುಂಚನಗಿರಿ ಮಠದ ನಿರ್ಮಲಾನಂದನಾಥ ಸ್ವಾಮೀಜಿ ಮಧ್ಯೆ ಪ್ರವೇಶಿಸಿ, ದಾಖಲೆಗಳಿದ್ದವರು ಮೊದಲು ಅವನ್ನು ತಂದು ಕೊಡಲಿ, ಅಲ್ಲಿಯವರೆಗೆ ಗೊಂದಲ ಬೇಡ ಎಂಬ ನಿಲುವು ತಾಳಿದರು. ಮಾರ್ಚ್ 20ರಂದು ಸಿನಿಮಾ ನಿಂತಿತು. ಇಡೀ ಪ್ರಕರಣದಲ್ಲಿ ಇತಿಹಾಸದ ಮೇಷ್ಟರು ಕೇಳಬೇಕಾದ ಪ್ರಶ್ನೆಯನ್ನು ಒಬ್ಬ ಮಠಾಧೀಶರು ಕೇಳಿದರು ಎಂಬುದನ್ನು ನಾವು ಗೌರವದಿಂದಲೇ ದಾಖಲಿಸುತ್ತೇವೆ.

ಹಾಗಾದರೆ ದಾಖಲೆ ಏನು ಹೇಳುತ್ತದೆ? ಅಂದು ಮಧ್ಯಾಹ್ನ ಸುಮಾರು ಒಂದು ಗಂಟೆಗೆ ಜನರಲ್ ಬೇರ್ಡ್ ನೇತೃತ್ವದ ಕಂಪನಿ ಸೈನ್ಯ ಶ್ರೀರಂಗಪಟ್ಟಣದ ಕೋಟೆಯೊಳಗೆ ನುಗ್ಗಿತು. ಕೋಟೆಯ ಉತ್ತರ ಭಾಗದ ದ್ವಾರವೊಂದರ ಇಕ್ಕಟ್ಟಿನಲ್ಲಿ ಸುಲ್ತಾನ ಬಿದ್ದ. ಸಂಜೆಗತ್ತಲಲ್ಲಿ ದೀಪ ಹಿಡಿದು ಹೆಣಗಳ ರಾಶಿಯಲ್ಲಿ ಹುಡುಕಿದವರಲ್ಲಿ ಮೇಜರ್ ಅಲನ್ ಒಬ್ಬ. ಆತ ಕಂಡದ್ದನ್ನು ಬರೆದಿಟ್ಟಿದ್ದಾನೆ. ಅಲೆಕ್ಸಾಂಡರ್ ಬೀಟ್ಸನ್ ಮರುವರ್ಷವೇ, 1800ರಲ್ಲಿ, ಯುದ್ಧದ ವಿವರವಾದ ಗ್ರಂಥವನ್ನು ಪ್ರಕಟಿಸಿದ. ಸುಲ್ತಾನನ ಪಕ್ಕದಲ್ಲಿಯೇ ಗಾಯಗೊಂಡು ಬಿದ್ದು ಬದುಕುಳಿದ ಸೇವಕ ರಾಜಾ ಖಾನನ ಸಾಕ್ಷ್ಯವೂ ಇದೆ. ಕತ್ತಿಯ ಪಟ್ಟಿಯನ್ನು ಕಸಿಯಲು ಬಂದ ಸಿಪಾಯಿಯೊಬ್ಬನಿಗೆ ಸುಲ್ತಾನ ಕತ್ತಿ ಬೀಸಿದ, ಆ ಸಿಪಾಯಿ ಹಾರಿಸಿದ ಗುಂಡು ಕಣತಲೆಗೆ ತಗುಲಿತು ಎಂಬುದು ಅವನ ಹೇಳಿಕೆ. ಆ ಸಿಪಾಯಿಯ ಹೆಸರು ಯಾವ ದಾಖಲೆಗೂ ಏರಲಿಲ್ಲ. ನಮ್ಮ ಕಡೆಯಿಂದ ಮೀರ್ ಹುಸೇನ್ ಅಲಿ ಖಾನ್ ಕಿರ್ಮಾನಿ ಕೆಲವೇ ವರ್ಷಗಳಲ್ಲಿ ಫಾರ್ಸಿಯಲ್ಲಿ ಹೈದರ್ ಮತ್ತು ಟಿಪ್ಪುವಿನ ಚರಿತ್ರೆ ಬರೆದ. ಫ್ರಾನ್ಸಿಸ್ ಬುಕಾನನ್ 1800 ಮತ್ತು 1801ರಲ್ಲಿ ಮೈಸೂರು ಸೀಮೆಯ ಊರೂರು ತಿರುಗಿ, ರೈತರ ಬಾಯಿಂದ ಕೇಳಿದ್ದನ್ನೆಲ್ಲ ಬರೆದುಕೊಂಡ. ಆ ಕಾಲದ ಬರಹಗಳಲ್ಲಿ ಈ ಇಬ್ಬರು ಗೌಡರು ಹಂತಕರಾಗಿ ಎಲ್ಲಿಯೂ ಬರುವುದಿಲ್ಲ. ಮೈಸೂರಿನ ಇತಿಹಾಸಕಾರ ಪ್ರೊ. ಪಿ. ವಿ. ನಂಜರಾಜ ಅರಸ್ ಅವರಂತಹ ವಿದ್ವಾಂಸರು ಇದನ್ನು ಸ್ಪಷ್ಟವಾಗಿಯೇ ಹೇಳಿದರು.

ಆ ಹುಡುಗನಿಗೆ ನಾವು ಇನ್ನೊಂದು ಮಾತನ್ನೂ ಹೇಳಿದೆವು. ಟಿಪ್ಪು ಸತ್ತ ಮೇಲೆ ಅಧಿಕಾರ ಹಿಡಿದವರು ಯಾರು? ಅವನ ಶತ್ರುಗಳು. ಕಂಪನಿಗೆ ಕೊಳ್ಳೆಯ ಹಣ ಕೈತುಂಬ ಇತ್ತು. ಒಡೆಯರ ಸಿಂಹಾಸನ ಮತ್ತೆ ಸ್ಥಾಪನೆಯಾಯಿತು. ದಿವಾನ್ ಪೂರ್ಣಯ್ಯನವರಿಗೆ ಯಳಂದೂರು ಜಹಗೀರಾಗಿ ದೊರೆಯಿತು. ನಮ್ಮ ಸೀಮೆಯಲ್ಲಿ ಕೆರೆ ಕಟ್ಟಿಸಿದವನಿಗೂ, ಹುಲಿ ಕೊಂದವನಿಗೂ ಇನಾಮು ಬಿಟ್ಟು ಶಾಸನ ಬರೆಸಿದ ಸಂಪ್ರದಾಯವಿದೆ. ಸುಲ್ತಾನನನ್ನೇ ಕೊಂದವರಿದ್ದಿದ್ದರೆ ಅವರ ವಂಶಕ್ಕೆ ಒಂದು ಹಳ್ಳಿಯಾದರೂ, ಒಂದು ಗದ್ದೆಯಾದರೂ ಸಿಕ್ಕಿರಬೇಕಲ್ಲವೇ? ಹುಡುಗ ನಕ್ಕ. ಹಿರಿಯರೊಬ್ಬರು ತಲೆದೂಗಿದರು. ಇಷ್ಟು ತರ್ಕಕ್ಕೆ ಯಾವ ಪದವಿಯೂ ಬೇಕಿರಲಿಲ್ಲ.

ಹಾಗಿದ್ದರೂ ಹತ್ತು ವರ್ಷ ಶಾಲೆಗೆ ಹೋದ ಮಗುವಿಗೆ ಈ ಪ್ರಶ್ನೆ ತಾನಾಗಿ ಹೊಳೆಯಲಿಲ್ಲ. ತಪ್ಪು ಮಗುವಿನದಲ್ಲ. ನಮ್ಮ ಇತಿಹಾಸ ಪಾಠ ಬಿಟ್ಟ ಸ್ಥಳ ತುಂಬುವ ಪಾಠ: ಶ್ರೀರಂಗಪಟ್ಟಣ ಒಪ್ಪಂದ ಆದದ್ದು ಡ್ಯಾಶ್ ಇಸವಿಯಲ್ಲಿ. 1792 ಎಂದು ಬರೆದರೆ ಒಂದು ಅಂಕ. ಆ ಒಪ್ಪಂದದ ಪತ್ರ ಹೇಗಿತ್ತು, ಎರಡೂ ಪಕ್ಷದವರು ಅದನ್ನು ಹೇಗೆ ವರ್ಣಿಸಿದರು, ಒಬ್ಬರ ಮಾತು ಇನ್ನೊಬ್ಬರ ಮಾತಿಗೆ ತಾಳೆಯಾಗದಿದ್ದರೆ ಏನು ಮಾಡಬೇಕು ಎಂಬುದಕ್ಕೆ ಅಂಕವಿಲ್ಲ. ಪಠ್ಯಪುಸ್ತಕದ ಸುತ್ತ ನಡೆಯುವ ಜಗಳಗಳೂ ಯಾರ ಪಾಠ ಇರಬೇಕು, ಯಾರದು ಹೋಗಬೇಕು ಎಂಬುದಕ್ಕೇ ಸೀಮಿತ. 2020ರಲ್ಲಿ ಕೊರೋನಾ ಕಾಲದ ಪಠ್ಯಕಡಿತದಲ್ಲಿ ಟಿಪ್ಪು ಪಾಠದ ಗದ್ದಲ, 2022ರಲ್ಲಿ ರೋಹಿತ್ ಚಕ್ರತೀರ್ಥ ಸಮಿತಿಯ ಪರಿಷ್ಕರಣೆ, 2023ರ ಜೂನಿನಲ್ಲಿ ಹೊಸ ಸರ್ಕಾರದ ಮರುಪರಿಷ್ಕರಣೆ. ಪುಟಗಳು ಬಂದವು, ಪುಟಗಳು ಹೋದವು. ಕಲಿಸುವ ರೀತಿ ಇದ್ದಲ್ಲಿಯೇ ಉಳಿಯಿತು. ಇಸವಿ ಮಾತ್ರ ತುಂಬಿದ ತಲೆಗೆ ಕಥೆ ಬೇಕೆನಿಸುತ್ತದೆ; ಶಾಲೆ ಕೊಡದ ಕಥೆಯನ್ನು ಮೊಬೈಲ್ ಕೊಡುತ್ತದೆ.

ಇದು ಬಡ ದೇಶದ ರೋಗವೆಂದು ಯಾರೂ ತಿಳಿಯಬೇಕಾಗಿಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತ್ಯದಲ್ಲಿ ಹೊರೇಸ್ ಮ್ಯಾನ್ 1837ರಿಂದ ಎಲ್ಲ ಮಕ್ಕಳಿಗೂ ಸಾರ್ವಜನಿಕ ಶಾಲೆಯೆಂಬ ಆದರ್ಶಕ್ಕಾಗಿ ದುಡಿದ. ಪ್ರಜಾಪ್ರಭುತ್ವ ಉಳಿಯಲು ತಿಳಿವಳಿಕೆಯುಳ್ಳ ಪ್ರಜೆ ಬೇಕೆಂಬುದು ಅವನ ನಂಬಿಕೆ. ಅದೇ ದೇಶದ ದಕ್ಷಿಣ ಪ್ರಾಂತ್ಯಗಳಲ್ಲಿ ಅಂತರ್ಯುದ್ಧದಲ್ಲಿ ಸೋತವರ ಹೆಣ್ಣುಮಕ್ಕಳ ಸಂಘಟನೆಯೊಂದು ಶಾಲಾ ಪುಸ್ತಕಗಳ ಮೇಲೆ ಕಣ್ಣಿಟ್ಟಿತು. ಅದರ ನಾಯಕಿ ಮಿಲ್ಡ್ರೆಡ್ ರುದರ್‌ಫರ್ಡ್ 1920ರ ಸುಮಾರಿಗೆ ಪಠ್ಯಪುಸ್ತಕಗಳನ್ನು ಅಳೆಯುವ ಕೋಲೆಂಬ ಕಿರುಹೊತ್ತಗೆಯನ್ನೇ ಹೊರತಂದಳು. ಯುದ್ಧ ನಡೆದದ್ದು ಗುಲಾಮಗಿರಿಗಾಗಿ ಎನ್ನುವ ಪುಸ್ತಕಗಳನ್ನು ತಿರಸ್ಕರಿಸಬೇಕು, ದಕ್ಷಿಣಕ್ಕೆ ಅನ್ಯಾಯ ಮಾಡುವ ಪುಸ್ತಕಗಳ ಮೇಲೆ ಗ್ರಂಥಪಾಲಕರು ಹಾಗೆಂದೇ ಬರೆಯಬೇಕು ಎಂಬುದು ಅದರ ಸೂಚನೆ. 1861ರಲ್ಲಿ ಒಕ್ಕೂಟದಿಂದ ಹೊರಬಿದ್ದ ಮಿಸಿಸಿಪ್ಪಿ ಪ್ರಾಂತ್ಯ ತನ್ನ ಘೋಷಣೆಯಲ್ಲಿ ಗುಲಾಮಗಿರಿಯೇ ಕಾರಣವೆಂದು ತಾನೇ ಒಪ್ಪಿಕೊಂಡಿತ್ತು. ಆ ಕಾಗದವನ್ನು ಮಕ್ಕಳ ಕೈಗೆ ಕೊಡದೆ ತಲೆಮಾರುಗಳಿಗೆ ಬೇರೆಯದೇ ಕಥೆ ಕಲಿಸಲಾಯಿತು. ಇಂದಿನ ಸ್ಥಿತಿಯೂ ಅಷ್ಟಕ್ಕಷ್ಟೆ. 2022ರ ರಾಷ್ಟ್ರೀಯ ಮೌಲ್ಯಮಾಪನದಲ್ಲಿ ಅಲ್ಲಿನ ಎಂಟನೆಯ ತರಗತಿಯ ಮಕ್ಕಳಲ್ಲಿ ಸ್ವಂತ ದೇಶದ ಇತಿಹಾಸದಲ್ಲಿ ನಿಪುಣರೆನಿಸಿದವರು ಶೇ. 13 ಮಾತ್ರ. 2016ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಪರೀಕ್ಷಿಸಿದ ಮಾಧ್ಯಮಿಕ ಶಾಲೆಯ ಮಕ್ಕಳಲ್ಲಿ ಶೇ. 80ಕ್ಕೂ ಹೆಚ್ಚು ಮಂದಿ, ಹಣ ಕೊಟ್ಟು ಹಾಕಿಸಿದ ಜಾಹೀರಾತನ್ನು ಸುದ್ದಿಯೆಂದೇ ನಂಬಿದರು.

ಇಲ್ಲಿಯವರೆಗೆ ಓದಿದ ನಮ್ಮ ಓದುಗರಿಗೆ ಹಿತವೆನಿಸಿರಬಹುದು. ಮಂಡ್ಯದ ಕಮಾನನ್ನೂ ಅಮೆರಿಕದ ಕೋಲನ್ನೂ ದೂರುವುದು ಸುಲಭ. ನಮ್ಮ ಮನೆಗಳ ಮಾತೇನು?

ಚಂದ್ರನ ಮೇಲೆ ನೀಲ್ ಆರ್ಮ್‌ಸ್ಟ್ರಾಂಗ್ ಅದಾನ್ ಕೇಳಿದ, ಮುಂದೆ ಈಜಿಪ್ಟಿನಲ್ಲಿ ಅದನ್ನೇ ಕೇಳಿ ಗುರುತಿಸಿ ಇಸ್ಲಾಮ್ ಸ್ವೀಕರಿಸಿದ ಎಂಬ ಕಥೆಯನ್ನು ಕೇಳದ ಮುಸ್ಲಿಮ್ ಮನೆ ಕರ್ನಾಟಕದಲ್ಲಿ ಇರಲಾರದು. ನಾವೂ ಬಾಲ್ಯದಲ್ಲಿ ಕೇಳಿ ರೋಮಾಂಚನಗೊಂಡಿದ್ದೆವು. ಆರ್ಮ್‌ಸ್ಟ್ರಾಂಗ್ ಇದನ್ನು ನಿರಾಕರಿಸಿದ್ದ. 1983ರಲ್ಲಿ ಅಮೆರಿಕದ ವಿದೇಶಾಂಗ ಇಲಾಖೆ ಮುಸ್ಲಿಮ್ ದೇಶಗಳಲ್ಲಿರುವ ತನ್ನ ರಾಯಭಾರ ಕಚೇರಿಗಳಿಗೆ ಆ ನಿರಾಕರಣೆಯನ್ನು ಕಳುಹಿಸಬೇಕಾಯಿತು. ನಿರ್ವಾತದಲ್ಲಿ ಶಬ್ದ ಚಲಿಸದು ಎಂದು ಎಂಟನೆಯ ತರಗತಿಯ ವಿಜ್ಞಾನ ಪುಸ್ತಕವೇ ಕಲಿಸುತ್ತದೆ. ಅದನ್ನು ಓದಿ ಅಂಕ ಪಡೆದ ಮಗುವೇ ಮನೆಗೆ ಬಂದು ಈ ಕಥೆಗೆ ಸುಬ್‌ಹಾನಲ್ಲಾಹ್ ಎನ್ನುತ್ತದೆ. ಇದು ನಿರುಪದ್ರವಿ ಕಥೆಯೆನ್ನೋಣ. ಪೋಲಿಯೋ ಹನಿ ಸಂತಾನಹೀನತೆ ತರುತ್ತದೆಂಬ ವದಂತಿ ನಿರುಪದ್ರವಿಯಾಗಿರಲಿಲ್ಲ. ಉತ್ತರ ಪ್ರದೇಶದ ಹಳ್ಳಿಗಳಲ್ಲಿ ನಮ್ಮವರೇ ಬಾಗಿಲು ಮುಚ್ಚಿಕೊಂಡಾಗ, ಅದಕ್ಕೆ ಬೆಲೆ ತೆತ್ತವು ನಮ್ಮವೇ ಮಕ್ಕಳ ಕಾಲುಗಳು. ವಿದ್ವಾಂಸರೂ ಮಸೀದಿಗಳೂ ಮುಂದೆ ಬಂದ ಮೇಲೆ ಬಾಗಿಲು ತೆರೆಯಿತು. ಭಾರತ ಪೋಲಿಯೋಮುಕ್ತವೆಂಬ ಘೋಷಣೆ ಬಂದದ್ದು 2014ರಲ್ಲಿ.

ಟಿಪ್ಪುವಿನ ವಿಷಯದಲ್ಲಿಯೂ ನಮ್ಮದು ಅರ್ಧ ಓದು. ಸಾಮ್ರಾಜ್ಯ ಬಿದ್ದದ್ದು ಮೀರ್ ಸಾದಿಕನೊಬ್ಬನ ದ್ರೋಹದಿಂದ ಎಂಬುದು ನಮ್ಮ ಮನೆಮನೆಯ ಪಾಠ. 1792ರಲ್ಲಿಯೇ ಅರ್ಧ ರಾಜ್ಯವೂ 3 ಕೋಟಿ 30 ಲಕ್ಷ ರೂಪಾಯಿಯೂ ಕೈಬಿಟ್ಟು, ಇಬ್ಬರು ಪುತ್ರರನ್ನು ಒತ್ತೆಯಿಟ್ಟ ರಾಜ್ಯ, ಕಂಪನಿ ಮತ್ತು ನಿಜಾಮನ ಒಟ್ಟು ಸೈನ್ಯವನ್ನು ಎದುರಿಸಿತ್ತು ಎಂಬ ಲೆಕ್ಕ ಆ ಪಾಠದಲ್ಲಿಲ್ಲ. ಮರಾಠಾ ಸೈನ್ಯದ ದಾಳಿಗೆ ತುತ್ತಾದ ಶೃಂಗೇರಿ ಮಠಕ್ಕೆ ಸುಲ್ತಾನ ನೆರವು ಕಳುಹಿಸಿದ್ದನ್ನು, 1916ರಲ್ಲಿ ಆ ಪತ್ರಗಳು ಬೆಳಕಿಗೆ ಬಂದದ್ದನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ, ಹೇಳಬೇಕಾದದ್ದೇ. 1784ರಲ್ಲಿ ಮಂಗಳೂರಿನ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿದ್ದನ್ನು, ಕೊಡವರ ಮೇಲಿನ ದಂಡಯಾತ್ರೆಗಳನ್ನು ಮಕ್ಕಳಿಗೆ ಹೇಳುವುದಿಲ್ಲ. ಮಗು ಅದನ್ನು ಮೊದಲ ಬಾರಿಗೆ ದ್ವೇಷಿಸುವವರ ಬಾಯಿಂದ, ಹತ್ತರಷ್ಟು ಉಬ್ಬಿಸಿದ ರೂಪದಲ್ಲಿ ಕೇಳಿದಾಗ ಅದಕ್ಕೆ ಉತ್ತರವಿರುವುದಿಲ್ಲ. ಮನೆಯವರು ಮುಚ್ಚಿಟ್ಟಿದ್ದರು ಎಂಬ ಅನುಮಾನವೂ ಜೊತೆಗೆ ಸೇರುತ್ತದೆ.

ಇದರಲ್ಲಿ ನಮಗೆ ಹೆಚ್ಚು ನೋವು ತರುವ ಸಂಗತಿಯೆಂದರೆ, ಸುದ್ದಿಯನ್ನು ಪರಿಶೀಲಿಸುವುದು ನಮಗೆ ಹೊರಗಿನಿಂದ ಬರಬೇಕಾದ ವಿದ್ಯೆಯಲ್ಲ. ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯದ ಆರನೆಯ ಸೂಕ್ತ ನಂಬಲರ್ಹನಲ್ಲದವನು ತಂದ ವಾರ್ತೆಯನ್ನು ಪರಿಶೀಲಿಸದೆ ಕ್ರಮಕ್ಕೆ ಇಳಿಯಬಾರದೆಂದು ಆಜ್ಞಾಪಿಸುತ್ತದೆ. ಹದೀಸ್ ವಿದ್ವಾಂಸರು ಪ್ರತಿಯೊಂದು ವರದಿಗೂ ವರದಿಗಾರರ ಸರಪಳಿಯನ್ನು ಕೇಳಿದರು. ಯಾರು ಯಾರಿಂದ ಕೇಳಿದರು, ಅವರಿಬ್ಬರೂ ಭೇಟಿಯಾಗುವುದು ಸಾಧ್ಯವಿತ್ತೇ, ಗುರು ತೀರಿಕೊಂಡದ್ದು ಶಿಷ್ಯ ಹುಟ್ಟುವ ಮೊದಲೋ ಆಮೇಲೋ. ವರದಿಗಾರರು ಸುಳ್ಳನ್ನು ಬಳಸತೊಡಗಿದಾಗ ವಿದ್ವಾಂಸರು ಇಸವಿಗಳನ್ನು ಬಳಸಿದರು ಎಂಬ ಆಶಯದ ಮಾತು ಸುಫ್ಯಾನ್ ಅಸ್ಸೌರಿಯವರ ಹೆಸರಿನಲ್ಲಿದೆ. ನಮ್ಮ ಹುಡುಗನಿಗೆ 1799 ಗೊತ್ತಿತ್ತು. ಆ ಇಸವಿಯಿಂದ ಸುಳ್ಳನ್ನು ಹಿಡಿಯಬಹುದೆಂಬುದು ಗೊತ್ತಿರಲಿಲ್ಲ. 1377ರಲ್ಲಿ ಮುಕದ್ದಿಮ ಬರೆದ ಇಬ್ನ್ ಖಲ್ದೂನ್, ಪ್ರವಾದಿ ಮೂಸಾರ ಸೈನ್ಯದಲ್ಲಿ ಆರು ಲಕ್ಷ ಮಂದಿ ಇದ್ದರೆಂಬ ಹಿಂದಿನ ಇತಿಹಾಸಕಾರರ ಲೆಕ್ಕವನ್ನು ಒಪ್ಪಲಿಲ್ಲ. ಯಾಕೂಬರಿಂದ ಮೂಸಾರವರೆಗೆ ಇದ್ದದ್ದು ಕೆಲವೇ ತಲೆಮಾರು, ಅಷ್ಟರಲ್ಲಿ ಸಂತತಿ ಅಷ್ಟು ಬೆಳೆಯುವುದು ಹೇಗೆ, ಅಷ್ಟು ದೊಡ್ಡ ಸೈನ್ಯ ಒಂದು ರಣರಂಗದಲ್ಲಿ ನಿಲ್ಲುವುದು ಹೇಗೆ ಎಂದು ಕೇಳಿದರು. ಪ್ರವಾದಿಯ ಮೇಲಿನ ಭಕ್ತಿ ಅವರಿಗೆ ಲೆಕ್ಕ ಹಾಕಲು ಅಡ್ಡಿಯಾಗಲಿಲ್ಲ.

ನಮ್ಮ ಹಾಸನ ಜಿಲ್ಲೆಯನ್ನೇ ನೋಡೋಣ. ಸಕಲೇಶಪುರದ ಬಳಿಯ ಮಂಜರಾಬಾದ್ ಕೋಟೆಯನ್ನು ಟಿಪ್ಪು 1792ರಲ್ಲಿ ನಕ್ಷತ್ರಾಕಾರದಲ್ಲಿ ಕಟ್ಟಿಸಿದ. ಆ ಸೀಮೆಯ ಐಗೂರು ಪಾಳೆಯಗಾರ ವೆಂಕಟಾದ್ರಿ ನಾಯಕ, ಟಿಪ್ಪುವಿನ ಪತನದ ನಂತರ ಕಂಪನಿಗೂ ಮಣಿಯದೆ ಸ್ವತಂತ್ರನಾಗಲು ಹೋರಾಡಿದ. ಆರ್ಥರ್ ವೆಲ್ಲೆಸ್ಲಿಯ ಸೈನ್ಯ ಮಲೆನಾಡಿನ ಕಾಡಿಗೆ ನುಗ್ಗಿ ಅವನನ್ನು ಸೋಲಿಸಿತು. 1802ರಲ್ಲಿ ಅವನನ್ನು ಗಲ್ಲಿಗೇರಿಸಲಾಯಿತು. ದಾಖಲೆಯಿರುವ ಈ ಮನುಷ್ಯನಿಗೆ ಹೆದ್ದಾರಿಯಲ್ಲಿ ಯಾರೂ ಕಮಾನು ಕಟ್ಟಲಿಲ್ಲ. ನಮ್ಮ ಹಳ್ಳಿಮೈಸೂರಿನ ಮನೆಯಲ್ಲಿಯೂ ಅವನ ಹೆಸರು ಯಾರಿಗೂ ತಿಳಿದಿರಲಿಲ್ಲ. ಆದರೆ ಮಂಜರಾಬಾದಿನಿಂದ ಶ್ರೀರಂಗಪಟ್ಟಣಕ್ಕೆ ಸುಲ್ತಾನ ಕೊರೆಸಿದ ಗುಪ್ತ ಸುರಂಗದ ಬಗ್ಗೆ ಎಲ್ಲರಿಗೂ ತಿಳಿದಿತ್ತು. ಹುಡುಗ ಒಳಗೆ ಹೋಗಿ ಶಾಲೆಯ ಭೂಪಟ ತಂದ. ಸಕಲೇಶಪುರದಿಂದ ಶ್ರೀರಂಗಪಟ್ಟಣಕ್ಕೆ ಸ್ಕೇಲಿಟ್ಟು ಗೆರೆ ಎಳೆದ. ನೂರು ಕಿಲೋಮೀಟರಿಗೂ ಹೆಚ್ಚು. ಗೆರೆ ಹೇಮಾವತಿಯನ್ನು ದಾಟಿತು, ಕೊನೆಯಲ್ಲಿ ಕಾವೇರಿಯ ಕವಲನ್ನೂ ದಾಟಿತು. ನಡುವೆ ನಮ್ಮ ಹೋಬಳಿಯ ಆಸುಪಾಸಿನಲ್ಲಿಯೇ ಹಾದುಹೋಯಿತು. ಅವನು ತಲೆಯೆತ್ತಿ, ಇಲ್ಲಿ ಇಷ್ಟು ಬೋರ್‌ವೆಲ್ ಕೊರೆದಿದ್ದಾರೆ, ಯಾರಿಗೂ ಸುರಂಗ ಸಿಕ್ಕಿಲ್ಲವಲ್ಲ ಅಜ್ಜಾ ಎಂದ.