ಮಳವಳ್ಳಿಯ ಯುದ್ಧ, ಮಂಡ್ಯದ ಕಮಾನು

2023ರ ಫೆಬ್ರುವರಿ. ವಿಧಾನಸಭಾ ಚುನಾವಣೆ ಹತ್ತಿರ ಬಂದಿತ್ತು. ಅಂದಿನ ಉನ್ನತ ಶಿಕ್ಷಣ ಸಚಿವ ಡಾ. ಸಿ.ಎನ್. ಅಶ್ವತ್ಥನಾರಾಯಣ ಅವರು ಮಂಡ್ಯದ ಸಭೆಯೊಂದರಲ್ಲಿ, ಉರಿಗೌಡ ಮತ್ತು ನಂಜೇಗೌಡ ಎಂಬವರು ಟಿಪ್ಪುವನ್ನು ಮುಗಿಸಿದಂತೆ ವಿರೋಧ ಪಕ್ಷದ ನಾಯಕ ಸಿದ್ದರಾಮಯ್ಯನವರನ್ನೂ ಮುಗಿಸಬೇಕೆಂಬ ಅರ್ಥದ ಮಾತಾಡಿದರು. ಸದನದಲ್ಲಿ ಗದ್ದಲವಾದಾಗ, ಚುನಾವಣೆಯಲ್ಲಿ ಸೋಲಿಸಬೇಕೆಂಬುದಷ್ಟೇ ತಮ್ಮ ಉದ್ದೇಶವೆಂದರು. ನೋವಾಗಿದ್ದರೆ ವಿಷಾದವಿದೆ ಎಂದೂ ಹೇಳಿದರು.

ಆ ಮಾತಿನಲ್ಲಿ ಎರಡು ತಪ್ಪುಗಳಿದ್ದವು. ಎದುರಾಳಿಯ ಜೀವದ ಕುರಿತ ಮಾತಿಗೆ ವಿಷಾದ ಬಂತು. ಆಧಾರವಿಲ್ಲದ ಚರಿತ್ರೆಗೆ ಬರಲಿಲ್ಲ. ಸುದ್ದಿ ಬಂದಾಗ ಮೊದಲು ಪರಿಶೀಲಿಸಬೇಕು, ಇಲ್ಲವಾದರೆ ಅರಿಯದೆ ಒಂದು ಜನಸಮೂಹಕ್ಕೆ ಕೇಡು ಮಾಡಿ ಬಳಿಕ ಪರಿತಪಿಸಬೇಕಾದೀತು ಎಂದು ಅಲ್ ಹುಜುರಾತ್ ಅಧ್ಯಾಯದ 6ನೇ ವಚನ ಎಚ್ಚರಿಸುತ್ತದೆ. ಹಾಗಾದರೆ ಪರಿಶೀಲಿಸೋಣ.

1799ರ ಮಾರ್ಚ್‌ನಲ್ಲಿ ಜನರಲ್ ಹ್ಯಾರಿಸ್‌ನ ಸೇನೆ ಕಾನಕಾನಹಳ್ಳಿ, ಅಂದರೆ ಇಂದಿನ ಕನಕಪುರದ ದಾರಿಯಾಗಿ ಬಂತು. ಮಾರ್ಚ್ 27ರಂದು ಮಳವಳ್ಳಿಯಲ್ಲಿ ಟಿಪ್ಪು ಅದನ್ನು ತಡೆಯಲು ನಿಂತು, ಸೋತು ಹಿಂದೆ ಸರಿದ. ಬ್ರಿಟಿಷರ ಜೊತೆ ಹೈದರಾಬಾದಿನ ನಿಜಾಮನ ದಂಡೂ ಇತ್ತು. ಟಿಪ್ಪುವಿನ ಕಡೆ ಪೂರ್ಣಯ್ಯನವರಿದ್ದರು. (ಹಿಂದೂ-ಮುಸ್ಲಿಂ ಕಾಳಗದ ಕಥೆ ಕಟ್ಟುವವರು ಇದನ್ನು ಬಿಟ್ಟೇ ಹೇಳುತ್ತಾರೆ.) ಸೋಸಲೆಯ ಬಳಿ ಕಾವೇರಿ ದಾಟಿದ ಹ್ಯಾರಿಸ್ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ. ಮೇ 4ರಂದು ಕೋಟೆ ಬಿತ್ತು. ಆ ರಾತ್ರಿ ಬೇರ್ಡ್ ಮತ್ತವನ ಜನ ಕೋಟೆಬಾಗಿಲಿನ ಹೆಣಗಳ ರಾಶಿಯಲ್ಲಿ ದೀಪ ಹಿಡಿದು ಹುಡುಕಿದಾಗ ಸುಲ್ತಾನನ ದೇಹ ಸಿಕ್ಕಿತು. 1800ರಲ್ಲೇ ಪುಸ್ತಕ ಬರೆದ ಬೀಟ್ಸನ್, ಸುಲ್ತಾನನ ನಡುಪಟ್ಟಿಗೆ ಕೈಹಾಕಿದ ಸೈನಿಕನೊಬ್ಬ ಗುಂಡು ಹಾರಿಸಿದನೆಂದು ದಾಖಲಿಸಿದ್ದಾನೆ. ಆ ಸೈನಿಕನ ಹೆಸರು ಗೊತ್ತಿಲ್ಲ. ಇಬ್ಬರು ಗೌಡರ ಪ್ರಸ್ತಾಪ ಅಂದಿನ ಬರಹಗಳಲ್ಲಿಲ್ಲ.

ಆದರೂ 2023ರ ಮಾರ್ಚ್ 12ರಂದು ಪ್ರಧಾನಿಯವರು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಗೆ ಹೆದ್ದಾರಿ ಉದ್ಘಾಟನೆಗೆ ಬರುವಾಗ ಮಂಡ್ಯದಲ್ಲಿ ಉರಿಗೌಡ-ನಂಜೇಗೌಡರ ಹೆಸರಿನ ಕಮಾನು ಎದ್ದಿತ್ತು. ಆಕ್ಷೇಪ ಬಂದ ಮೇಲೆ ಹೆಸರು ಬದಲಾಗಿ ಬಾಲಗಂಗಾಧರನಾಥ ಸ್ವಾಮೀಜಿಯವರ ಹೆಸರು ಬಂತು. ಸಚಿವ ಮುನಿರತ್ನ ಸಿನಿಮಾ ಮಾಡಹೊರಟರು. ಆಗ ಅದನ್ನು ತಡೆದದ್ದು ನ್ಯಾಯಾಲಯವಲ್ಲ, ನಮ್ಮ ಸಂಘಟನೆಗಳೂ ಅಲ್ಲ. ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿ ಮಠದ ನಿರ್ಮಲಾನಂದನಾಥ ಸ್ವಾಮೀಜಿ ಸಚಿವರನ್ನು ಕರೆಸಿ, ಆಧಾರವಿಲ್ಲದೆ ಮುಂದುವರಿಯುವುದು ಬೇಡವೆಂದರು. ಮಾರ್ಚ್ 20ರಂದು ಸಚಿವರು ಸಿನಿಮಾ ಕೈಬಿಟ್ಟರು. ಚುನಾವಣೆಯ ಬಿಸಿಯಲ್ಲಿ ತಮ್ಮದೇ ಸಮುದಾಯಕ್ಕೆ ವೀರರನ್ನು ಕೊಡುತ್ತೇವೆ ಎಂದವರಿಗೆ ಪುರಾವೆ ಕೇಳುವುದು ಸುಲಭದ ಕೆಲಸವಲ್ಲ.

ಒಂದು ಜನರ ಮೇಲಿನ ದ್ವೇಷ ನ್ಯಾಯ ತಪ್ಪಿಸದಿರಲಿ ಎನ್ನುತ್ತದೆ ಅಲ್ ಮಾಇದಾ. ಪ್ರೀತಿಯೂ ತಪ್ಪಿಸಬಾರದಲ್ಲವೇ? ಟಿಪ್ಪು ಯಾರಿಗೂ ಅನ್ಯಾಯ ಮಾಡಲಿಲ್ಲವೆಂದು ನಮ್ಮ ವೇದಿಕೆಗಳಲ್ಲಿ ಕೇಳಿಬರುವ ಮಾತನ್ನೂ ಇದೇ ತಕ್ಕಡಿಗೆ ಹಾಕಬೇಕು. ಶೃಂಗೇರಿ ಮಠಕ್ಕೆ ಅವನು ಬರೆದ ಪತ್ರಗಳಿವೆ. 1784ರಲ್ಲಿ ಕರಾವಳಿಯ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆಯೊಯ್ದ ದಾಖಲೆಯೂ ಇದೆ.